ತಲೆಪೆಟ್ಟಿಗೆ ಬಾಣಂತನ ಬೇಡ

ತಲೆಗೆ ಪೆಟ್ಟು ಬಿದ್ದವರನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಎರಡು ಪದ ಬರೆದಿರುತ್ತಾರೆ: ಸಂಪೂರ್ಣ ವಿಶ್ರಾಂತಿ. ನನ್ನ ತಕರಾರು ಆ ಎರಡು ಪದಗಳ ಮೇಲೆ. ಎಷ್ಟು ದಿನ ಎಂದು ಅಲ್ಲಿ ಬರೆದಿರುವುದಿಲ್ಲ. ಏನು ಮಾಡಬಹುದು, ಏನು ಕೂಡದು ಎಂದೂ ಇರುವುದಿಲ್ಲ. ಕೇಳಿದರೆ 'ಪೂರ್ತಿ ಗುಣ ಆಗೋ ತನಕ' ಎಂಬ ಉತ್ತರ ಸಿಗುತ್ತದೆ. ಖಾಲಿ ಬಿಟ್ಟದ್ದನ್ನು ಮನೆಯವರು ತುಂಬಿಕೊಳ್ಳುತ್ತಾರೆ. ಕಿಟಕಿಗೆ ಪರದೆ ಬೀಳುತ್ತದೆ. ಕಿವಿಗೆ ಹತ್ತಿ, ತಲೆಗೆ ಮಫ್ಲರ್. ಟಿವಿ ಬಂದ್, ಮೊಬೈಲು ಬೀರುವಿನೊಳಗೆ. ತಲೆಗೆ ನೀರು ಹಾಕುವಂತಿಲ್ಲ, ಮೆಟ್ಟಿಲು ಹತ್ತುವಂತಿಲ್ಲ, ಬಾಗಿ ಚಪ್ಪಲಿ ಹಾಕಿಕೊಳ್ಳುವಂತಿಲ್ಲ. ಹೆರಿಗೆಯಾದ ಹೆಣ್ಣುಮಗಳಿಗೆ ಮಾಡುವ ಬಾಣಂತನವನ್ನೇ ಬೈಕಿನಿಂದ ಬಿದ್ದ ಪಿಯುಸಿ ಹುಡುಗನಿಗೂ ಮಾಡುತ್ತಾರೆ. ಬಾಣಂತನಕ್ಕಾದರೂ ಇಷ್ಟು ತಿಂಗಳು ಎಂಬ ಗಡುವಿರುತ್ತದೆ, ಇದಕ್ಕೆ ಅದೂ ಇಲ್ಲ.

ನಾನು ಹೇಳುತ್ತಿರುವುದು ಕನ್ಕಷನ್ ಬಗ್ಗೆ, ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಆಗುವ ಸೌಮ್ಯ ಗಾಯದ ಬಗ್ಗೆ. ಬುರುಡೆ ಬಿರಿದು, ಒಳಗೆ ರಕ್ತ ಹೆಪ್ಪುಗಟ್ಟಿ, ಆಪರೇಷನ್ ಆದವರ ಮಾತು ಬೇರೆ. ಕನ್ಕಷನ್‌ನಲ್ಲಿ ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ಚೊಕ್ಕವಾಗಿಯೇ ಬರುತ್ತದೆ. ಆದರೂ ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಕಂಡರೆ ಕಿರಿಕಿರಿ, ಓದಿದ ಸಾಲು ತಲೆಗೆ ಹತ್ತದಿರುವುದು, ನಿದ್ದೆಯ ಏರುಪೇರು, ಸಣ್ಣದಕ್ಕೂ ಸಿಟ್ಟು ಇವೆಲ್ಲ ಕಾಡುತ್ತವೆ. ದೊಡ್ಡವರಲ್ಲಿ ಹೆಚ್ಚಿನವರಿಗೆ ಎರಡು ವಾರದೊಳಗೆ, ಮಕ್ಕಳಿಗೆ ಸುಮಾರು ನಾಲ್ಕು ವಾರದೊಳಗೆ ಇದು ಇಳಿಯುತ್ತದೆ. ಇಳಿಯದೆ ತಿಂಗಳುಗಟ್ಟಲೆ ಹಿಡಿದುಕೊಳ್ಳುವವರೂ ಕಡಿಮೆಯಿಲ್ಲ. ಅಂಥವರಿಗೆ ಇನ್ನಷ್ಟು ವಿಶ್ರಾಂತಿ ಹೇಳುವುದು ನಮ್ಮಲ್ಲಿ ಜಾಣತನ ಎನಿಸಿಕೊಂಡಿದೆ. ಅದು ಜಾಣತನವಲ್ಲ. ಮೊದಲ ಒಂದೆರಡು ದಿನದ ಆಚೆಗೆ ಎಳೆದ ವಿಶ್ರಾಂತಿಯೂ ಮಾತ್ರೆಯಂತೆ ಒಂದು ಚಿಕಿತ್ಸೆಯೇ. ಅದಕ್ಕೂ ಪ್ರಮಾಣವಿದೆ, ಅಡ್ಡಪರಿಣಾಮವಿದೆ. ಪರೀಕ್ಷೆಗೆ ಒಡ್ಡಿದಲ್ಲೆಲ್ಲ ಅದು ಸೋತಿದೆ.

ಇದು ಅಜ್ಜಿಯ ಕಾಲದ ನಂಬಿಕೆ, ವಿಜ್ಞಾನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಯಾರೂ ಬೀಗಬೇಕಿಲ್ಲ. ಕ್ರೀಡೆಯಲ್ಲಿ ಆಗುವ ಕನ್ಕಷನ್ ಬಗ್ಗೆ ಜಗತ್ತಿನ ತಜ್ಞರು 2001ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ಸೇರಿದರು. ಆಮೇಲೆ ಕೆಲವು ವರ್ಷಕ್ಕೊಮ್ಮೆ ಸೇರುತ್ತ ಬಂದಿದ್ದಾರೆ. 2008ರಲ್ಲಿ ಜ್ಯೂರಿಕ್‌ನಲ್ಲಿ ಹೊರಬಂದ ಒಮ್ಮತದ ಹೇಳಿಕೆಯಲ್ಲಿ, ಲಕ್ಷಣಗಳು ಪೂರ್ತಿ ಹೋಗುವವರೆಗೆ ದೇಹಕ್ಕೂ ಮಿದುಳಿಗೂ ವಿಶ್ರಾಂತಿ ಕೊಡುವುದೇ ಚಿಕಿತ್ಸೆಯ ಮೂಲಾಧಾರ ಎಂದಿತ್ತು. ಅಮೆರಿಕದಲ್ಲೂ ಕೆನಡಾದಲ್ಲೂ ಶಾಲೆ ಮಕ್ಕಳನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದು ಇದೇ ಮಾತಿನ ಬಲದ ಮೇಲೆ. ಆ ಮಾತಿಗೆ ಸಾಕಷ್ಟು ಪುರಾವೆ ಇರಲಿಲ್ಲ ಎಂಬುದನ್ನು ಆ ವಲಯದವರೇ ಮುಂದೆ ಒಪ್ಪಿದರು. ಆ ದೇಶಗಳು ಅದನ್ನು ಬಿಟ್ಟು ಮುಂದೆ ಹೋದವು, ನಾವಿನ್ನೂ ಅಲ್ಲೇ ಇದ್ದೇವೆ.

ವಿಶ್ರಾಂತಿವಾದಿಗಳ ಕಡೆಯ ಬಲವಾದ ಸಾಕ್ಷಿಗಳನ್ನು ಮೊದಲು ಕೇಳೋಣ. ದುರ್ಬಲ ವಾದವನ್ನು ಹೊಡೆದುರುಳಿಸುವುದರಲ್ಲಿ ಹೆಚ್ಚುಗಾರಿಕೆ ಏನಿದೆ?

ಮೊದಲನೆಯದು ಮಿದುಳಿನ ರಸಾಯನ. ಪೆಟ್ಟು ಬಿದ್ದ ಗಳಿಗೆಯಲ್ಲಿ ನರಕೋಶಗಳಿಂದ ಪೊಟ್ಯಾಶಿಯಂ ಹೊರಗೆ ಹರಿಯುತ್ತದೆ, ಕ್ಯಾಲ್ಶಿಯಂ ಒಳಗೆ ನುಗ್ಗುತ್ತದೆ, ಗ್ಲುಟಮೇಟ್ ಚೆಲ್ಲುತ್ತದೆ. ಎಲ್ಲವನ್ನೂ ಮರಳಿ ಅದರದರ ಜಾಗಕ್ಕೆ ತರಲು ಕೋಶ ವಿಪರೀತ ಶಕ್ತಿ ಖರ್ಚು ಮಾಡಬೇಕು. ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಬೇಡಿಕೆ ಹೆಚ್ಚಿ ಪೂರೈಕೆ ಕುಗ್ಗಿದ ಈ ಸ್ಥಿತಿಯನ್ನು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗಿಝಾ ಮತ್ತು ಹೋವ್ಡಾ 2001ರಲ್ಲಿ ವಿವರಿಸಿದರು. 2004ರಲ್ಲಿ ಅದೇ ಕಡೆಯಿಂದ ಇಲಿಗಳ ಪ್ರಯೋಗ ಬಂತು. ಮಿದುಳಿಗೆ ಗಾಯವಾದ ಮೊದಲ ವಾರದಲ್ಲೇ ಚಕ್ರದಲ್ಲಿ ಓಡಿದ ಇಲಿಗಳಿಗೆ ವ್ಯಾಯಾಮದ ಲಾಭ ಸಿಗಲಿಲ್ಲ, ಎರಡು ವಾರ ಕಳೆದು ಓಡಿದವುಗಳಿಗೆ ಸಿಕ್ಕಿತು. ವಿಶ್ರಾಂತಿಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಇಲ್ಲ. ಆದರೆ ಆ ಇಲಿಗಳು ಓಡಿದ್ದು ಮನಸ್ಸಿಗೆ ಬಂದಷ್ಟು. ತಲೆನೋವು ಏರುತ್ತಿದೆಯೇ ಎಂದು ಇಲಿಯನ್ನು ಕೇಳಿ ನಿಲ್ಲಿಸಿದವರಿಲ್ಲ. ಮೇಲಾಗಿ, ಅದೇ ಪ್ರಯೋಗದ ಇನ್ನರ್ಧವನ್ನು ವಿಶ್ರಾಂತಿವಾದಿಗಳು ಹೇಳುವುದೇ ಇಲ್ಲ: ತಡವಾಗಿಯಾದರೂ ಓಡಿದ ಇಲಿಗೆ ಒಳ್ಳೆಯದಾಯಿತು.

ಎರಡನೆಯದು ಭಯ, ಮತ್ತು ಆ ಭಯಕ್ಕೆ ನ್ಯಾಯವಾದ ಕಾರಣವಿದೆ. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜಾಕರಿ ಲಿಸ್ಟೆಡ್ ಎಂಬ 13 ವರ್ಷದ ಹುಡುಗ ಅಮೆರಿಕನ್ ಫುಟ್ಬಾಲ್ ಆಡುತ್ತ ತಲೆಗೆ ಪೆಟ್ಟು ಮಾಡಿಕೊಂಡ. ತುಸು ಹೊತ್ತು ಹೊರಗೆ ಕೂತವನನ್ನು ಮತ್ತೆ ಅಂಕಣಕ್ಕೆ ಇಳಿಸಿದರು. ಆಟ ಮುಗಿದ ಮೇಲೆ ಅವನು ಕುಸಿದುಬಿದ್ದ. ಮಿದುಳಿಗೆ ಆಪರೇಷನ್‌ಗಳಾದವು, ಮಾತು ಮರಳಲು ತಿಂಗಳುಗಳೇ ಬೇಕಾದವು. 2009ರಲ್ಲಿ ಅವನ ಹೆಸರಿನಲ್ಲಿ ಕಾನೂನು ಬಂತು: ಕನ್ಕಷನ್ ಶಂಕೆಯಿದ್ದ ಮಗುವನ್ನು ಕೂಡಲೇ ಆಟದಿಂದ ಹೊರಗೆ ತೆಗೆಯಬೇಕು, ಪರವಾನಗಿ ಇರುವ ವೈದ್ಯವೃತ್ತಿಯವರು ಲಿಖಿತವಾಗಿ ಒಪ್ಪುವ ತನಕ ಮರಳಿ ಇಳಿಸಕೂಡದು. ಮುಂದಿನ ಕೆಲವೇ ವರ್ಷಗಳಲ್ಲಿ ಅಮೆರಿಕದ ಎಲ್ಲ ರಾಜ್ಯಗಳೂ ಇಂಥ ಕಾನೂನು ಮಾಡಿದವು. ಸರಿಯಾದದ್ದೇ. ಪೆಟ್ಟು ಬಿದ್ದ ಮೇಲೂ ಆಟ ಮುಂದುವರಿಸಿದ ಹುಡುಗರು ಚೇತರಿಸಿಕೊಳ್ಳಲು ಹೊರಬಂದವರ ಎರಡರಷ್ಟು ದಿನ ತೆಗೆದುಕೊಂಡರು ಎಂದು 2016ರ ಒಂದು ಅಧ್ಯಯನ ತೋರಿಸಿದೆ. ಒಂದು ಕಡೆ 44 ದಿನ, ಇನ್ನೊಂದು ಕಡೆ 22.

ಗೊಂದಲ ಹುಟ್ಟಿದ್ದು ಇಲ್ಲೇ. ಮತ್ತೊಂದು ಪೆಟ್ಟು ಬೀಳದಂತೆ ಕಾಯುವುದು ಒಂದು ಕೆಲಸ. ಮೈ ಅಲುಗದಂತೆ ಕಾಯುವುದು ಪೂರ್ತಿ ಬೇರೆ ಕೆಲಸ. ಲಿಸ್ಟೆಡ್‌ನ ದುರಂತದಿಂದ ಮೊದಲನೆಯದು ಸಿದ್ಧವಾಗುತ್ತದೆ, ಎರಡನೆಯದು ಎಳ್ಳಷ್ಟೂ ಆಗುವುದಿಲ್ಲ. ಹೆದರಿದ ಜಗತ್ತು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿತು. ಕಬಡ್ಡಿ ಅಂಕಣದಿಂದ ಹುಡುಗನನ್ನು ದೂರ ಇಡಿ ಎಂದರೆ ಮನೆಯಂಗಳದಲ್ಲಿ ನಡೆಯಲೂ ಬಿಡಬೇಡಿ ಎಂದು ಅರ್ಥವಾಗಬೇಕೆ? ಬೈಕು ಬೇಡ ಎಂದರೆ ಬೆಳಕೂ ಬೇಡವೆ?

ಇನ್ನು ಪುರಾವೆಗೆ ಬರೋಣ. 2002ರಲ್ಲೇ ನೆದರ್ಲೆಂಡ್ಸ್‌ನ ವೈದ್ಯರು ತಲೆಗೆ ಸೌಮ್ಯ ಪೆಟ್ಟಾದ 107 ಜನರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಆರು ದಿನ ಹಾಸಿಗೆ ಬಿಟ್ಟೇಳಬೇಡಿ ಎಂದರು, ಇನ್ನೊಂದಕ್ಕೆ ಹಾಗೆ ಹೇಳಲಿಲ್ಲ. ಆರು ತಿಂಗಳ ಮೇಲೆ ನೋಡಿದರೆ ಹಾಸಿಗೆಯಲ್ಲಿದ್ದವರಿಗೆ ಯಾವ ಲಾಭವೂ ಆಗಿರಲಿಲ್ಲ. 2015ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ತುರ್ತು ವಿಭಾಗಕ್ಕೆ ಬಂದ 11ರಿಂದ 22 ವರ್ಷದ 88 ಜನರ ಪರೀಕ್ಷೆ ನಡೆಯಿತು. ಅರ್ಧ ಜನಕ್ಕೆ ಐದು ದಿನ ಕಟ್ಟುನಿಟ್ಟಿನ ವಿಶ್ರಾಂತಿ, ಉಳಿದವರಿಗೆ ವಾಡಿಕೆಯಂತೆ ಒಂದೆರಡು ದಿನ, ಆಮೇಲೆ ಮೆಲ್ಲಗೆ ಕೆಲಸಕ್ಕೆ. ಹೆಚ್ಚು ವಿಶ್ರಾಂತಿ ಪಡೆದವರೇ ಹೆಚ್ಚು ಲಕ್ಷಣ ಹೇಳಿಕೊಂಡರು, ನಿಧಾನವಾಗಿ ಗುಣವಾದರು. ಮರುವರ್ಷ ಕೆನಡಾದ ಒಂಬತ್ತು ಆಸ್ಪತ್ರೆಗಳಿಂದ 2,413 ಮಕ್ಕಳ ಲೆಕ್ಕ ಬಂತು. ಮೊದಲ ವಾರದಲ್ಲೇ ಏನಾದರೂ ದೈಹಿಕ ಚಟುವಟಿಕೆ ಮಾಡಿದವರಲ್ಲಿ ನಾಲ್ಕು ವಾರಕ್ಕೂ ಲಕ್ಷಣ ಉಳಿದವರು ಶೇ. 24.6, ಮಾಡದವರಲ್ಲಿ ಶೇ. 43.5. ಚೆನ್ನಾಗಿದ್ದವರೇ ಬೇಗ ಎದ್ದಿರಬಹುದಲ್ಲ ಎಂದು ನೀವು ಕೇಳಿದರೆ ಆ ಪ್ರಶ್ನೆ ಸರಿಯಾದದ್ದೇ. ಆ ಸಾಧ್ಯತೆಯನ್ನು ಲೆಕ್ಕದಲ್ಲಿ ಸರಿದೂಗಿಸಿದಾಗ ಅಂತರ ಕಿರಿದಾಯಿತು, ಇಲ್ಲವಾಗಲಿಲ್ಲ. ಆದರೂ ಅದು ಬರೀ ವೀಕ್ಷಣೆ. ಕಟ್ಟುಮಸ್ತಾದ ಉತ್ತರ ಬಂದದ್ದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಿಂದ.

ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಮತ್ತು ಬ್ಯಾರಿ ವಿಲ್ಲರ್ ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅದರಲ್ಲಿ ಯಾವ ಮಾಯಾಮಂತ್ರವೂ ಇಲ್ಲ, ದುಬಾರಿ ಯಂತ್ರವೂ ಇಲ್ಲ. ರೋಗಿಯನ್ನು ಟ್ರೆಡ್‌ಮಿಲ್ ಮೇಲೆ ಚುರುಕು ನಡಿಗೆಯ ವೇಗದಲ್ಲಿ ನಡೆಸುತ್ತಾರೆ. ನಿಮಿಷಕ್ಕೊಮ್ಮೆ ಏರನ್ನು ಸ್ವಲ್ಪ ಹೆಚ್ಚಿಸುತ್ತಾರೆ. ಪ್ರತಿ ನಿಮಿಷ ಎರಡು ಪ್ರಶ್ನೆ: ಎಷ್ಟು ಶ್ರಮ ಎನಿಸುತ್ತಿದೆ, ತಲೆನೋವು ಹತ್ತಕ್ಕೆ ಎಷ್ಟಿದೆ? ಶುರುವಿನಲ್ಲಿ ಇದ್ದುದಕ್ಕಿಂತ ಮೂರು ಅಂಕ ಏರಿದರೆ ಅಲ್ಲಿಗೆ ನಿಲ್ಲಿಸಿ, ಆಗ ಹೃದಯ ಎಷ್ಟು ಬಡಿಯುತ್ತಿತ್ತು ಎಂದು ಬರೆದುಕೊಳ್ಳುತ್ತಾರೆ. ಅದು ಆ ವ್ಯಕ್ತಿಯ ಹೊಸ್ತಿಲು. ಹೊಸ್ತಿಲು 150 ಬಡಿತ ಎಂದಿಟ್ಟುಕೊಳ್ಳಿ, ಅದರ ಶೇ. 80 ಎಂದರೆ 120. ಮನೆಯಲ್ಲಿ ದಿನಕ್ಕೆ 20 ನಿಮಿಷ ಅಷ್ಟೇ ಬಡಿತದಲ್ಲಿ ನಡಿಗೆಯೋ ನಿಂತಲ್ಲೇ ತುಳಿಯುವ ಸೈಕಲ್ಲೋ ಮಾಡಬೇಕು. ವಾರ ಬಿಟ್ಟು ಮತ್ತೆ ಅಳೆದರೆ ಹೊಸ್ತಿಲು ಮೇಲೆ ಹೋಗಿರುತ್ತದೆ, ಪ್ರಮಾಣವೂ ಏರುತ್ತದೆ. ಮಾತ್ರೆಯ ಮಿಲಿಗ್ರಾಂ ಲೆಕ್ಕ ಹಾಕುವ ಹಾಗೆಯೇ ವ್ಯಾಯಾಮದ ಲೆಕ್ಕ.

2019ರಲ್ಲಿ ಅವರು ಹದಿಹರೆಯದ 103 ಆಟಗಾರರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಈ ಅಳೆದ ವ್ಯಾಯಾಮ, ಇನ್ನೊಂದಕ್ಕೆ ಹೃದಯಬಡಿತ ಏರದಂಥ ಮೈಸಡಿಲಿಸುವ ವ್ಯಾಯಾಮ. ಮೊದಲ ಗುಂಪು 13 ದಿನಕ್ಕೆ ಚೇತರಿಸಿತು, ಎರಡನೆಯದು 17 ದಿನಕ್ಕೆ. 2021ರಲ್ಲಿ 118 ಮಕ್ಕಳ ಮೇಲೆ ಮತ್ತೆ ಮಾಡಿದಾಗ 14 ಮತ್ತು 19. ನಾಲ್ಕೈದು ದಿನಕ್ಕೆ ಇಷ್ಟು ಗಲಾಟೆಯೇ ಎಂದು ಮೂಗು ಮುರಿಯುವವರಿಗೆ ಇನ್ನೊಂದು ಸಂಖ್ಯೆಯಿದೆ. ತಿಂಗಳಾಚೆಗೂ ಲಕ್ಷಣ ಉಳಿಯುವ ಅಪಾಯ ವ್ಯಾಯಾಮ ಮಾಡಿದವರಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು. ಬಹುಪಾಲು ಜನರನ್ನು ಕಾಲವೇ ಗುಣಪಡಿಸುತ್ತದೆ. ಚಿಕಿತ್ಸೆ ಗೆಲ್ಲಬೇಕಾದದ್ದು ಉಳಿದವರ ವಿಷಯದಲ್ಲಿ, ಗೆದ್ದದ್ದೂ ಅಲ್ಲಿಯೇ. ಈ ಎರಡೂ ಪ್ರಯೋಗ ನಡೆದದ್ದು ಹದಿಹರೆಯದವರ ಮೇಲೆ, ನಡುವಯಸ್ಸಿನವರ ಬಗ್ಗೆ ಪುರಾವೆ ಇಷ್ಟು ಗಟ್ಟಿಯಿಲ್ಲ. ಒಪ್ಪುತ್ತೇನೆ. ಆದರೆ ನಡುವಯಸ್ಸಿನವರಿಗೆ ವಾರಗಟ್ಟಲೆ ವಿಶ್ರಾಂತಿ ಒಳ್ಳೆಯದು ಎಂಬುದಕ್ಕೆ ಎಷ್ಟು ಗಟ್ಟಿ ಪುರಾವೆಯಿದೆ? ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮಲಗಿಸಲು ಪುರಾವೆ ಬೇಡ, ಎಬ್ಬಿಸಲು ಮಾತ್ರ ಬೇಕು.

ವೈದ್ಯಲೋಕದಲ್ಲಿ ಇದು ಹಳೆಯ ಚಾಳಿ. ಹೃದಯಾಘಾತ ಆದವರನ್ನು ನಾಲ್ಕರಿಂದ ಆರು ವಾರ ಹಾಸಿಗೆಗೆ ಕಟ್ಟಿಹಾಕುತ್ತಿದ್ದ ಕಾಲವಿತ್ತು. ಬಾಸ್ಟನ್‌ನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಾಗ ಉಳಿದವರು ಹೌಹಾರಿದರು. ಲಂಡನ್ನಿನ ವೈದ್ಯ ರಿಚರ್ಡ್ ಆಶರ್ 1947ರಲ್ಲೇ ಹಾಸಿಗೆ ಹಿಡಿಯುವುದರ ಅಪಾಯಗಳ ಬಗ್ಗೆ ಪ್ರಬಂಧ ಬರೆದು ವೈದ್ಯರನ್ನು ತರಾಟೆಗೆ ತೆಗೆದುಕೊಂಡಿದ್ದ. ಈಗ ಬೈಪಾಸ್ ಆದವರನ್ನೂ ಮರುದಿನವೇ ಏಳಿಸುತ್ತಾರೆ, ಮಂಡಿ ಬದಲಿಸಿಕೊಂಡವರನ್ನು ನಡೆಸುತ್ತಾರೆ. ಬೆನ್ನುನೋವಿಗೂ ಹಾಸಿಗೆ ಬೇಡ ಎನ್ನುತ್ತಾರೆ. ತಲೆಪೆಟ್ಟು ಮಾತ್ರ ಹಳೆಯ ಕೋಣೆಯಲ್ಲಿ ಉಳಿದುಕೊಂಡಿದೆ.

ಆ ಕೋಣೆಯೊಳಗೆ ಏನಾಗುತ್ತದೆ? ಹಗಲು ಮಲಗಿದವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ನಿದ್ದೆಗೆಟ್ಟವನಿಗೆ ತಲೆನೋವು. ತಲೆನೋವಿಗೆ ದಿನಾ ಮಾತ್ರೆ. ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ನೋವಿನ ಮಾತ್ರೆ ನುಂಗುತ್ತ ಕೆಲವು ತಿಂಗಳು ಕಳೆದರೆ ಮಾತ್ರೆಯೇ ತಲೆನೋವು ತರಿಸುತ್ತದೆ ಎಂಬುದು ನರರೋಗ ತಜ್ಞರಿಗೆಲ್ಲ ಗೊತ್ತು. ಕತ್ತಲೆಗೆ ಒಗ್ಗಿದ ಕಣ್ಣಿಗೆ ಬೆಳಕು ಇನ್ನಷ್ಟು ಚುಚ್ಚುತ್ತದೆ. ಗೆಳೆಯರಿಲ್ಲ, ಕಾಲೇಜಿಲ್ಲ, ಪರೀಕ್ಷೆ ಹತ್ತಿರ ಬರುತ್ತಿದೆ. ಇಡೀ ದಿನ ಮಾಡಲು ಇರುವ ಕೆಲಸ ಒಂದೇ: ನೋವು ಇದೆಯೋ ಹೋಯಿತೋ ಎಂದು ತಲೆಯೊಳಗೆ ಕಿವಿಯಿಟ್ಟು ಕೇಳುವುದು. ಗಟ್ಟಿಮುಟ್ಟಾಗಿದ್ದ ಹುಡುಗನನ್ನು ಯಾವ ಪೆಟ್ಟೂ ಇಲ್ಲದೆ ಮೂರು ವಾರ ಹೀಗೆ ಮಲಗಿಸಿ ನೋಡಿ, ತಲೆಭಾರ, ಸುಸ್ತು, ಮಂಕು, ಎದ್ದರೆ ತಲೆಸುತ್ತು ಎಲ್ಲವೂ ಬರುತ್ತದೆ. ನಾಲ್ಕನೇ ವಾರ ಅವನು ಮತ್ತೆ ಆಸ್ಪತ್ರೆಗೆ ಹೋದಾಗ ಇವನ್ನೆಲ್ಲ ಪೆಟ್ಟಿನ ಖಾತೆಗೆ ಬರೆಯುತ್ತಾರೆ. ವಿಶ್ರಾಂತಿ ಇನ್ನೂ ಎರಡು ವಾರ ಮುಂದುವರಿಯುತ್ತದೆ. ಅಥವಾ ಎರಡನೆಯ ಸ್ಕ್ಯಾನ್ ಆಗಿ, ಅದೂ ಚೊಕ್ಕವಾಗಿ ಬಂದು, 'ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದಾನೆ' ಎಂಬ ತೀರ್ಪು ಬೀಳುತ್ತದೆ. ಒಂದು ತಿಂಗಳು ಅಲುಗಾಡಬೇಡ ಎಂದು ಹೆದರಿಸಿದವರೇ ಯಾಕೆ ಹೆದರಿದ್ದೀಯ ಎಂದು ಗದರುವುದು ಯಾವ ಊರಿನ ನ್ಯಾಯ?

ಏನೂ ಇಲ್ಲ ಎನ್ನುವುದೂ ಸುಳ್ಳು. ಫಿಸಿಯೋಥೆರಪಿಯ ಮಾತು ಶುರುವಾಗುವುದು ಇಲ್ಲಿಂದ. ವಾರಗಳಾದರೂ ಬಿಡದ ಲಕ್ಷಣಗಳ ಬೇರು ಎಷ್ಟೋ ಸಲ ಮಿದುಳಿನ ಹೊರಗೇ ಇರುತ್ತದೆ. ತಲೆ ಪೆಟ್ಟು ತಿನ್ನುವಾಗ ಕುತ್ತಿಗೆ ಸುಮ್ಮನಿರುವುದಿಲ್ಲ, ಅದೂ ಹಿಂದಕ್ಕೆ ಮುಂದಕ್ಕೆ ಜಗ್ಗಿಸಿಕೊಳ್ಳುತ್ತದೆ. ಕುತ್ತಿಗೆಯ ಮೇಲ್ಭಾಗದ ಕೀಲುಗಳ ನೋವು ಹಿಂದಲೆಯಿಂದ ಏರಿ ಹಣೆಗೆ, ಕಣ್ಣಿನ ಹಿಂದಕ್ಕೆ ಬರುತ್ತದೆ. ರೋಗಿ ಅದನ್ನು ತಲೆನೋವು ಎನ್ನುತ್ತಾನೆ, ವೈದ್ಯರು ಮಿದುಳಿನದು ಎಂದುಕೊಳ್ಳುತ್ತಾರೆ, ಕುತ್ತಿಗೆಯನ್ನು ಯಾರೂ ಮುಟ್ಟಿ ನೋಡುವುದಿಲ್ಲ.

ಕಿವಿಯದು ಇದಕ್ಕಿಂತ ಸ್ವಾರಸ್ಯದ ಕತೆ. ಒಳಗಿವಿಯಲ್ಲಿ ಸಮತೋಲನ ಕಾಯುವ ಅಂಗವಿದೆ, ಅದರಲ್ಲಿ ಸುಣ್ಣದ ಸಣ್ಣ ಹರಳುಗಳಿವೆ. ತಲೆಪೆಟ್ಟಿಗೆ ಅವು ಜಾಗ ಬಿಟ್ಟು ಅರೆವೃತ್ತದ ನಾಳಗಳೊಳಗೆ ಜಾರಿದರೆ, ಹಾಸಿಗೆಯಲ್ಲಿ ಮಗ್ಗುಲಾದಾಗ, ಮೇಲಿನ ಗೂಡಿನಿಂದ ಡಬ್ಬಿ ತೆಗೆಯಲು ತಲೆ ಎತ್ತಿದಾಗ ಇಡೀ ಮನೆ ಗಿರ್ರನೆ ತಿರುಗುತ್ತದೆ. ರೋಗಿಯನ್ನು ಮೇಜಿನ ಮೇಲೆ ಕೂರಿಸಿ, ತಲೆಯನ್ನು ಒಂದು ಬದಿಗೆ ತಿರುಗಿಸಿ, ಸರಕ್ಕನೆ ಮಲಗಿಸಿ ಕಣ್ಣುಗುಡ್ಡೆ ನೋಡಿದರೆ ಯಾವ ಕಿವಿಯದು ಎಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ ಹರಳನ್ನು ಅದರ ಜಾಗಕ್ಕೆ ಮರಳಿಸುವ ಎಪ್ಲಿ ವಿಧಾನಕ್ಕೆ ಕಾಲು ಗಂಟೆಯೂ ಬೇಡ. ಎಷ್ಟೋ ಜನರಿಗೆ ಒಂದೆರಡು ಸಲಕ್ಕೆ ಹೋಗುತ್ತದೆ. ಇಂಥ ರೋಗಿಗೆ ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ಕೊಟ್ಟು, ತಲೆ ಅಲುಗಿಸಬೇಡ ಎಂದು ಕಳುಹಿಸುವುದಕ್ಕೆ ಏನನ್ನೋಣ? ಸಿನ್ನಾರಿಜಿನ್, ಪ್ರೋಕ್ಲೋರ್‌ಪೆರಜಿನ್‌ನಂಥವು ಮೊದಲ ಕೆಲವು ದಿನದ ವಾಂತಿ, ಸುತ್ತು ತಡೆಯಲು ಸರಿ. ದೀರ್ಘಕಾಲ ನುಂಗಿದರೆ ಮಿದುಳು ಹೊಸ ಸಮತೋಲನ ಕಲಿಯುವುದನ್ನೇ ತಡೆಯುತ್ತವೆ.

ಕಣ್ಣೂ ಹಾಗೆಯೇ. ತಲೆ ತಿರುಗಿದರೂ ನೋಟ ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ಆ ಹೊಂದಾಣಿಕೆ ತಪ್ಪಿದವನಿಗೆ ಬಸ್ಸಿನಲ್ಲಿ ಕೂರಲು, ಸಂತೆಯಲ್ಲಿ ನಡೆಯಲು ಆಗುವುದಿಲ್ಲ. ಗೋಡೆಯ ಮೇಲೆ ಒಂದು ಅಕ್ಷರ ಅಂಟಿಸಿ, ಅದರಿಂದ ಕಣ್ಣು ಕೀಳದೆ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುವ ಅಭ್ಯಾಸ ಅದಕ್ಕೆ ಮದ್ದು. ಸುತ್ತು ಸ್ವಲ್ಪ ಬರಬೇಕು, ಬಂದು ಇಳಿಯಬೇಕು. ಸುತ್ತನ್ನು ಪೂರ್ತಿ ತಪ್ಪಿಸಿದರೆ ಮಿದುಳು ಕಲಿಯುವುದು ಯಾವುದರಿಂದ? ಕೆನಡಾದ ಕ್ಯಾಲ್ಗರಿಯಲ್ಲಿ 2014ರಲ್ಲಿ ಒಂದು ಸಣ್ಣ ಪ್ರಯೋಗವಾಯಿತು. ಲಕ್ಷಣ ಬಿಡದ 31 ಜನ, 12ರಿಂದ 30 ವರ್ಷದವರು. ಎಲ್ಲರಿಗೂ ಸಾಮಾನ್ಯ ಆರೈಕೆ. ಅರ್ಧದಷ್ಟು ಜನಕ್ಕೆ ಮಾತ್ರ ಕುತ್ತಿಗೆಯ ಮತ್ತು ಸಮತೋಲನದ ಫಿಸಿಯೋಥೆರಪಿಯೂ ಇತ್ತು. ಎಂಟು ವಾರದಲ್ಲಿ ಆಟಕ್ಕೆ ಮರಳಲು ಒಪ್ಪಿಗೆ ಪಡೆದವರು ಅವರಲ್ಲಿ ಶೇ. 73. ಉಳಿದವರಲ್ಲಿ ಶೇ. 7. ಸಣ್ಣ ಪ್ರಯೋಗವಾದ್ದರಿಂದ ಅಂಕಿಯನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಆದರೆ ಅಷ್ಟು ಅಂತರವನ್ನು ಆಕಸ್ಮಿಕ ಎನ್ನಲು ಭಂಡತನ ಬೇಕು.

ಇದೆಲ್ಲದರ ಒತ್ತಡಕ್ಕೆ ತಜ್ಞರ ಸಮ್ಮೇಳನವೇ ಮಣಿಯಿತು. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿ 2023ರಲ್ಲಿ ಪ್ರಕಟಿಸಿದ ಹೇಳಿಕೆ ಜ್ಯೂರಿಕ್‌ನ ಮಾತನ್ನು ತಲೆಕೆಳಗು ಮಾಡಿದೆ. ಕಟ್ಟುನಿಟ್ಟಿನ ವಿಶ್ರಾಂತಿಯಿಂದ ಪ್ರಯೋಜನವಿಲ್ಲ. ಮೊದಲ 24ರಿಂದ 48 ಗಂಟೆ ಹದವಾದ ವಿಶ್ರಾಂತಿ, ಸ್ಕ್ರೀನ್ ಮಿತವಾಗಿ. ಆ ಹೊತ್ತಿನಲ್ಲೂ ನಿತ್ಯದ ಓಡಾಟಕ್ಕೆ, ನಡಿಗೆಗೆ ಅಡ್ಡಿಯಿಲ್ಲ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ವ್ಯಾಯಾಮ. ಲಕ್ಷಣ ಹತ್ತರಲ್ಲಿ ಎರಡು ಅಂಕದವರೆಗೆ ಏರಿ ಒಂದು ಗಂಟೆಯೊಳಗೆ ಇಳಿದರೆ ಚಿಂತೆಯಿಲ್ಲ. ತಲೆಸುತ್ತು, ಕುತ್ತಿಗೆನೋವು, ತಲೆನೋವು ಹತ್ತು ದಿನ ದಾಟಿದರೆ ಕುತ್ತಿಗೆ ಮತ್ತು ಸಮತೋಲನದ ಚಿಕಿತ್ಸೆ. ಹತ್ತು ದಿನ ಎಂಬುದನ್ನು ಗಮನಿಸಿ. ನಮ್ಮಲ್ಲಿ ಫಿಸಿಯೋಥೆರಪಿಯ ನೆನಪಾಗುವುದು ಎಲ್ಲ ಮಾತ್ರೆ ಮುಗಿದು, ಎಲ್ಲ ದೇವರಿಗೆ ಹರಕೆ ಹೊತ್ತ ಮೇಲೆ.

ಇದು ಹೊರದೇಶದವರ ಮಾತು, ನಮ್ಮವರಿಗೆ ಆಗಿಬರುವುದಿಲ್ಲ ಎನ್ನುವವರು ಕ್ರಿಕೆಟ್ಟನ್ನಾದರೂ ನೋಡಲಿ. 2020ರ ಜನವರಿಯಲ್ಲಿ ವಾಂಖೆಡೆಯಲ್ಲಿ ಪ್ಯಾಟ್ ಕಮಿನ್ಸ್ ಎಸೆತ ರಿಷಭ್ ಪಂತ್ ಹೆಲ್ಮೆಟ್ಟಿಗೆ ಬಡಿಯಿತು. ಪಂತ್ ಮುಂದಿನ ಪಂದ್ಯಕ್ಕೆ ಇರಲಿಲ್ಲ, ಸರಿಯೇ. ಆದರೆ ಅವರನ್ನು ಪುನಶ್ಚೇತನಕ್ಕೆಂದು ಕಳುಹಿಸಿದ್ದು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ, ಯಾವುದೋ ಕತ್ತಲೆ ಕೋಣೆಗಲ್ಲ. 2021ರ ಆಗಸ್ಟ್‌ನಲ್ಲಿ ಟ್ರೆಂಟ್‌ಬ್ರಿಜ್ ನೆಟ್ಸ್‌ನಲ್ಲಿ ಸಿರಾಜ್ ಚೆಂಡು ಮಯಾಂಕ್ ಅಗರ್ವಾಲ್ ಹೆಲ್ಮೆಟ್ಟಿಗೆ ಬಡಿದಾಗಲೂ ಟೆಸ್ಟ್ ಕೈತಪ್ಪಿತು. ಟಿವಿಯಲ್ಲಿ ನಾವು ನೋಡುವುದು ಆಟಗಾರ ಹೊರಗೆ ಹೋಗುವುದನ್ನು ಮಾತ್ರ. ಆಮೇಲೆ ಫಿಸಿಯೋ ಜೊತೆ ನಡಿಗೆ, ಸೈಕಲ್, ಓಟ, ನೆಟ್ಸ್ ಎಂದು ಹಂತ ಹಂತವಾಗಿ ಮರಳುವುದನ್ನು ಯಾವ ಕ್ಯಾಮೆರಾವೂ ತೋರಿಸುವುದಿಲ್ಲ. ಹಾಗಾಗಿ ಹೊರಗಿಡುವ ಪಾಠ ಮನೆಮನೆಗೆ ತಲುಪಿತು, ಮರಳಿ ತರುವ ಪಾಠ ತಲುಪಲಿಲ್ಲ.

'ಏನಾದರೂ ಹೆಚ್ಚುಕಮ್ಮಿ ಆದರೆ ಯಾರು ಹೊಣೆ?' ಎಂಬುದು ಕಡೆಯ ಅಸ್ತ್ರ. ಮಲಗಿಸಿದ್ದರಿಂದ ಹೆಚ್ಚುಕಮ್ಮಿ ಆದರೆ ಯಾರು ಹೊಣೆ ಎಂಬುದು ನನ್ನ ಮರುಪ್ರಶ್ನೆ. ಅಪಾಯದ ಗುರುತುಗಳು ಇದ್ದೇ ಇವೆ, ಅವನ್ನು ಯಾರೂ ಹಗುರವಾಗಿ ಕಾಣುತ್ತಿಲ್ಲ. ಮೇಲಿಂದ ಮೇಲೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಮೂಗು ಕಿವಿಯಿಂದ ತಿಳಿನೀರು ಸೋರುವುದು ಕಂಡರೆ ನಡಿಗೆಯ ಮಾತೇ ಬೇಡ, ಓಡಬೇಕಾದದ್ದು ತುರ್ತು ವಿಭಾಗಕ್ಕೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವ ವಯಸ್ಸಾದವರು ಸಣ್ಣ ಪೆಟ್ಟಿಗೂ ತೋರಿಸಿಕೊಳ್ಳಬೇಕು. ಕುತ್ತಿಗೆಯ ಮೂಳೆಗೆ ಪೆಟ್ಟಾಗಿಲ್ಲ ಎಂದು ಖಾತ್ರಿಯಾಗದೆ ಕುತ್ತಿಗೆಗೆ ಕೈ ಹಾಕಬಾರದು. ಇವನ್ನೆಲ್ಲ ನೋಡಿ, ಇಲ್ಲ ಎಂದು ತಿಳಿದ ಮೇಲೂ ಮಲಗಿಸುವುದನ್ನು ಎಚ್ಚರಿಕೆ ಎನ್ನಲಾಗದು. ಅದು ಹೊಣೆ ಜಾರಿಸಿಕೊಳ್ಳುವ ದಾರಿ. ನಡೆ ಎಂದು ಹೇಳಲು ರೋಗಿಯನ್ನು ಪರೀಕ್ಷಿಸಬೇಕು, ಪ್ರಮಾಣ ಹೇಳಬೇಕು, ವಾರ ಬಿಟ್ಟು ಮತ್ತೆ ನೋಡಬೇಕು. ಮಲಗು ಎನ್ನಲು ಪೆನ್ನು ಸಾಕು.

ಒಂದು ಅಡ್ಡಮಾತು. ಈ ವಿಶ್ರಾಂತಿ ಎಲ್ಲರ ಪಾಲಿಗೂ ಬರುವುದಿಲ್ಲ. ಕ್ರಿಕೆಟ್ ಆಡುತ್ತ ಬಿದ್ದ ಮಗನಿಗೆ ಕತ್ತಲೆ ಕೋಣೆ, ಬಚ್ಚಲಲ್ಲಿ ಜಾರಿ ಹಿಂದಲೆ ಹೊಡೆದುಕೊಂಡ ತಾಯಿಗೆ ಅದೇ ಸಂಜೆ ಒಲೆಯ ಮುಂದಿನ ಜಾಗ. ಅಡಿಕೆ ಮರದಿಂದ ಬಿದ್ದು ಬದುಕಿದ ಕೊನೆಗಾರ ನಾಲ್ಕನೇ ದಿನ ಮತ್ತೆ ಮರ ನೋಡುತ್ತಾನೆ, ಏಕೆಂದರೆ ದಿನಗೂಲಿಗೆ ರಜೆಯಿಲ್ಲ. ಇವರನ್ನು ತೋರಿಸಿ 'ನೋಡಿ, ಎದ್ದು ಓಡಾಡಿ ಗುಣವಾದರಲ್ಲ' ಎನ್ನುವುದು ನನ್ನ ವಾದವಲ್ಲ. ಒಬ್ಬರಿಗೆ ಅತಿ ವಿಶ್ರಾಂತಿ, ಇನ್ನೊಬ್ಬರಿಗೆ ಏನೂ ಇಲ್ಲ. ಅಳತೆ ಇಬ್ಬರಿಗೂ ಸಿಗಲಿಲ್ಲ. ಆ ತಾಯಿಗೂ ಮೊದಲ ಎರಡು ದಿನ ಬಿಡುವು ಬೇಕು, ಆ ಕೊನೆಗಾರ ಸುತ್ತು ಪೂರ್ತಿ ಹೋಗುವ ತನಕ ಮರ ಹತ್ತಕೂಡದು.

ಫಿಸಿಯೋಥೆರಪಿಸ್ಟ್‌ಗಳ ಮೇಲೂ ಒಂದು ಮಾತಿದೆ. ಜನರ ಬಾಯಲ್ಲಿ ಅವರು 'ಕರೆಂಟ್ ಕೊಡೋರು'. ಮಂಡಿನೋವಿಗೆ, ಲಕ್ವಕ್ಕೆ ಅವರ ಹತ್ತಿರ ಹೋಗುತ್ತಾರೆ, ತಲೆಪೆಟ್ಟಿಗೆ ಹೋಗುವುದಿಲ್ಲ. ಈ ಹೆಸರು ಬರುವುದಕ್ಕೆ ಅವರಲ್ಲಿ ಕೆಲವರೂ ಕಾರಣರು. ಕುತ್ತಿಗೆನೋವೆಂದು ಬಂದವನಿಗೆ ಹತ್ತು ದಿನ ಯಂತ್ರ ಅಂಟಿಸಿ ಕಳುಹಿಸುವ ಕೇಂದ್ರಗಳು ಊರೂರಲ್ಲಿವೆ. ಸಮತೋಲನದ ತರಬೇತಿಗೆ ಯಂತ್ರ ಬೇಕಿಲ್ಲ. ಗೋಡೆ, ಕುರ್ಚಿ, ಕೈಗಡಿಯಾರ, ಕಲಿತ ಕೈ ಮತ್ತು ಸಮಯ ಇದ್ದರೆ ಸಾಕು. ನಾಲ್ಕೂವರೆ ವರ್ಷ ಓದಿ ಪದವಿ ಪಡೆದವರು ರಾಜ್ಯದ ಜಿಲ್ಲೆ ಜಿಲ್ಲೆಗಳಲ್ಲಿದ್ದಾರೆ. ತಲೆಪೆಟ್ಟಿನ ರೋಗಿಯನ್ನು ಅವರ ಬಳಿಗೆ ಕಳುಹಿಸುವ ಅಭ್ಯಾಸ ವೈದ್ಯರಿಗಿಲ್ಲ, ಕೇಳುವ ಅಭ್ಯಾಸ ರೋಗಿಗಿಲ್ಲ, ಬಂದವನ ಕಣ್ಣು ಕಿವಿ ಪರೀಕ್ಷಿಸುವ ಅಭ್ಯಾಸ ಅವರಲ್ಲಿ ಬಹಳ ಜನಕ್ಕಿಲ್ಲ. ಮೂರೂ ಬದಲಾಗಬೇಕು.

ವೈದ್ಯರಲ್ಲಿ ನನ್ನ ಬೇಡಿಕೆ ಚಿಕ್ಕದು. ಚೀಟಿಯಲ್ಲಿ ಸಂಪೂರ್ಣ ವಿಶ್ರಾಂತಿ ಎಂದು ಬರೆಯುವ ಜಾಗದಲ್ಲಿ ಇಷ್ಟು ಬರೆಯಿರಿ: ಎರಡು ದಿನ ಬಿಡುವು, ಮೂರನೇ ದಿನದಿಂದ ಇಷ್ಟು ನಿಮಿಷ ನಡಿಗೆ, ಸುತ್ತು ಇರುವ ತನಕ ಬೈಕು ಓಡಿಸಬೇಡಿ, ಪೂರ್ತಿ ಗುಣವಾಗಿ ವೈದ್ಯರು ಒಪ್ಪುವ ತನಕ ಮೈತಾಗುವ ಆಟ ಬೇಡ, ಹತ್ತು ದಿನಕ್ಕೂ ಸರಿಯಾಗದಿದ್ದರೆ ಫಿಸಿಯೋಥೆರಪಿ.

ಮನೆಯಲ್ಲಿ ಈಗಾಗಲೇ ಮೂರು ನಾಲ್ಕು ವಾರದಿಂದ ಮಲಗಿರುವವರು ಇದ್ದರೆ, ಮೇಲಿನ ಅಪಾಯದ ಗುರುತುಗಳು ಯಾವುವೂ ಇಲ್ಲ ಎಂದು ವೈದ್ಯರು ನೋಡಿ ಹೇಳಿದ್ದರೆ, ನಾಳೆ ಬೆಳಿಗ್ಗೆ ಪರದೆ ಸರಿಸಿ. ಅವರ ಜೊತೆ ಸಮತಟ್ಟಾದ ಬೀದಿಯಲ್ಲಿ ಹತ್ತು ನಿಮಿಷ ನಡೆಯಿರಿ. ವಯಸ್ಸು 18 ಆದರೆ ನಾಡಿ ನಿಮಿಷಕ್ಕೆ ಸುಮಾರು 110ರ ಆಸುಪಾಸಿನಲ್ಲಿರಲಿ, ವಯಸ್ಸು ಹೆಚ್ಚಿದಂತೆ ಅದಕ್ಕಿಂತ ಕಡಿಮೆ. ಹೊರಡುವ ಮೊದಲು ತಲೆನೋವು ಹತ್ತಕ್ಕೆ ಎಷ್ಟಿತ್ತು, ಮರಳಿದಾಗ ಎಷ್ಟಾಯಿತು, ಒಂದು ಗಂಟೆಯ ಮೇಲೆ ಎಷ್ಟಕ್ಕೆ ಇಳಿಯಿತು ಎಂದು ಬರೆದಿಡಿ. ಎರಡಕ್ಕಿಂತ ಹೆಚ್ಚು ಏರಿದರೆ ಮರುದಿನ ಐದೇ ನಿಮಿಷ. ಆ ಹಾಳೆಯನ್ನು ಹಿಡಿದು ಫಿಸಿಯೋಥೆರಪಿಸ್ಟ್ ಬಳಿ ಹೋಗಿ, ಕುತ್ತಿಗೆ, ಕಿವಿ, ಕಣ್ಣು ಮೂರನ್ನೂ ಪರೀಕ್ಷಿಸಿ ಎಂದು ಕೇಳಿ.